‘ಯೇರಾಕೋನ್’: ಪವಿತ್ರ ಗ್ರಂಥದಲ್ಲಿ ಬೆಳೆರೋಗದ ಒಂದು ಹೆಸರು

(ದೇವಾಲಯದ ಶತಮಾನೋತ್ಸವದ ಅಂಗವಾಗಿ ಧರ್ಮಕೇಂದ್ರದ ಸಭೆಯಲ್ಲಿ ನೀಡಿದ ಉಪನ್ಯಾಸ)



ನೂರು ವರ್ಷ ತುಂಬಿದ ದೇವಾಲಯದ ಉತ್ಸವದಲ್ಲಿ ಮಾತನಾಡುವವರು ಸಾಮಾನ್ಯವಾಗಿ ಆ ಕಟ್ಟಡದ ಇತಿಹಾಸವನ್ನೋ, ಅದನ್ನು ಕಟ್ಟಿಸಿದ ಗುರುಗಳ ತ್ಯಾಗವನ್ನೋ ಸ್ಮರಿಸುತ್ತಾರೆ. ಅದು ಯುಕ್ತವೇ. ಆದರೆ ಆ ಕಾರ್ಯಕ್ಕೆ ನಮಗಿಂತ ಅರ್ಹರಾದವರು ಈ ವೇದಿಕೆಯ ಮೇಲೆಯೇ ಇದ್ದಾರೆ. ನಾವು ಇಂದು ನಿಮ್ಮ ಮುಂದಿಡಬಯಸುವುದು ಒಂದೇ ಒಂದು ಶಬ್ದವನ್ನು. ಅದು ಹೀಬ್ರೂ ಭಾಷೆಯ ಶಬ್ದ; ಹಳೆಯ ಒಡಂಬಡಿಕೆಯಲ್ಲಿ ಕೇವಲ ಆರು ಬಾರಿ ಬರುವ ಶಬ್ದ; ಓದುವಾಗ ನಾವೆಲ್ಲರೂ ನಿಲ್ಲದೆ ದಾಟಿಹೋಗುವ ಶಬ್ದ. ‘ಯೇರಾಕೋನ್’ ಎಂದು ಅದರ ಉಚ್ಚಾರ. ಬೆಳೆಗೆ ತಗಲುವ ಒಂದು ರೋಗದ ಹೆಸರು ಅದು.

ಇಷ್ಟು ಸಣ್ಣ ಮಾತನ್ನು ಇಷ್ಟು ದೊಡ್ಡ ಸಭೆಗೆ ಏಕೆ ತಂದೆವೆಂದು ನೀವು ಕೇಳಬಹುದು. ಅದಕ್ಕೆ ಕಾರಣವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಕೆಲವು ವರ್ಷಗಳ ಹಿಂದೆ, ನಾವು ಬೇರೊಂದು ಊರಿನಲ್ಲಿ ಸೇವೆಯಲ್ಲಿದ್ದಾಗ, ಭಾನುವಾರದ ಪೂಜೆ ಮುಗಿದ ಮೇಲೆ ಒಬ್ಬ ಹಿರಿಯ ರೈತರು ಬಾಗಿಲ ಬಳಿ ನಿಂತಿದ್ದರು. ಎರಡು ಎಕರೆ ಗದ್ದೆಯವರು. ಆ ವರ್ಷ ಅವರ ಭತ್ತಕ್ಕೆ ಬೆಂಕಿ ರೋಗ ಬಿದ್ದಿತ್ತು. ತೆನೆಯ ಕುತ್ತಿಗೆ ಕಪ್ಪಾಗಿ, ಕಾಳೆಲ್ಲ ಜೊಳ್ಳಾಗಿ, ಕೊಯ್ಲಿನ ಕೂಲಿಯೂ ಹುಟ್ಟದ ಸ್ಥಿತಿ. ಪಕ್ಕದ ಗದ್ದೆಯಲ್ಲಿ ಮಾತ್ರ ಬೆಳೆ ನೆಟ್ಟಗೆ ನಿಂತಿತ್ತು. ಯಾವುದೋ ಪ್ರಾರ್ಥನಾ ಕೂಟದಲ್ಲಿ ಒಬ್ಬರು ಅವರ ಎದುರಿಗೆ ಧರ್ಮೋಪದೇಶಕಾಂಡದ ಇಪ್ಪತ್ತೆಂಟನೆಯ ಅಧ್ಯಾಯವನ್ನು ತೆರೆದು, ಬೆಳೆರೋಗವು ಅಲ್ಲಿ ದೇವರ ಶಾಪಗಳ ಸಾಲಿನಲ್ಲಿದೆಯೆಂದು ತೋರಿಸಿ, “ಮನೆಯಲ್ಲಿ ಏನೋ ಮರೆಸಿಟ್ಟ ಪಾಪವಿರಬೇಕು, ಹುಡುಕಿ ನೋಡಿ” ಎಂದಿದ್ದರಂತೆ. ಆ ಹಿರಿಯರು ಅಂದಿನಿಂದ ಪರಮಪ್ರಸಾದ ಸ್ವೀಕರಿಸುವುದನ್ನು ನಿಲ್ಲಿಸಿದ್ದರು. “ಸ್ವಾಮಿಯೋರೆ, ನಾನು ಹುಡುಕಿದೆ. ನನಗೆ ಸಿಕ್ಕಲಿಲ್ಲ. ದೇವರಿಗೆ ಕಂಡಿದ್ದು ನನಗೆ ಯಾಕೆ ಕಾಣಲಿಲ್ಲ?” ಎಂದು ಕೇಳಿದರು. ನಾವು ಅಂದು ಎಲ್ಲವೂ ದೇವರ ಚಿತ್ತವೆಂದು ಹೇಳಿ, ಆಶೀರ್ವದಿಸಿ ಕಳುಹಿಸಿಬಿಟ್ಟೆವು. ಮುಂದೊಂದು ಮದುವೆಗೆ ಹೋಗುವ ಅವಸರವಿತ್ತು. ಆ ಉತ್ತರ ಉತ್ತರವಲ್ಲವೆಂದು ನಮಗೆ ದಾರಿಯಲ್ಲಿಯೇ ತಿಳಿಯಿತು. ಇಂದಿನ ಈ ಉಪನ್ಯಾಸ ಅಂದು ಕೊಡದೆ ಹೋದ ಉತ್ತರ.

ಆ ಅಧ್ಯಾಯದ ಇಪ್ಪತ್ತೆರಡನೆಯ ವಚನದಲ್ಲಿ ಎರಡು ಹೆಸರುಗಳು ಜೊತೆಯಾಗಿ ಬರುತ್ತವೆ: ‘ಶಿದ್ದಾಫೋನ್’ ಮತ್ತು ‘ಯೇರಾಕೋನ್’. ನಮ್ಮಲ್ಲಿ ಬರ-ನೆರೆ ಎಂದು ಜೋಡಿಯಾಗಿ ಹೇಳುವಂತೆ ಹೀಬ್ರೂ ಜನರು ಇವೆರಡನ್ನೂ ಬಿಡಿಸದೆ ಹೇಳುತ್ತಿದ್ದರು. ಧರ್ಮೋಪದೇಶಕಾಂಡ, ಅರಸುಗಳ ಮೊದಲನೆಯ ಗ್ರಂಥ, ಪೂರ್ವಕಾಲವೃತ್ತಾಂತದ ಎರಡನೆಯ ಗ್ರಂಥ, ಪ್ರವಾದಿ ಆಮೋಸ, ಪ್ರವಾದಿ ಹಗ್ಗಾಯ, ಈ ಐದು ಕಡೆಗಳಲ್ಲಿಯೂ ಅವು ಒಟ್ಟಿಗೇ ಇವೆ. ಆರನೆಯ ಕಡೆಯಲ್ಲಿ ಮಾತ್ರ ಯೇರಾಕೋನ್ ಒಂಟಿಯಾಗಿ ಬರುತ್ತದೆ. ಅಲ್ಲಿಗೆ ಆಮೇಲೆ ಬರೋಣ.

ಶಿದ್ದಾಫೋನ್ ಎಂದರೆ ಸುಟ್ಟಂತೆ ಸೀದುಹೋಗುವುದು. ಫರೋಹನ ಕನಸಿನಲ್ಲಿ ಬಂದ ಏಳು ಬಡಕಲು ತೆನೆಗಳು ನಿಮಗೆ ನೆನಪಿರಬಹುದು. ಮೂಡಣ ಗಾಳಿಯಿಂದ ಸೀದುಹೋದ ತೆನೆಗಳವು; ಆದಿಕಾಂಡ ಅಲ್ಲಿ ಬಳಸುವುದು ಈ ಶಬ್ದದ ಮೂಲಧಾತುವನ್ನೇ. ಪಾಲೆಸ್ತೀನಿನಲ್ಲಿ ಮೂಡಣವೆಂದರೆ ಮರುಭೂಮಿ. ವಸಂತಕಾಲದಲ್ಲಿ ಜವೆಗೋಧಿ ಮತ್ತು ಗೋಧಿಯ ತೆನೆಗಳು ಹಾಲುಗಟ್ಟುವ ಹೊತ್ತಿಗೆ ಸರಿಯಾಗಿ ಆ ಕಡೆಯಿಂದ ಒಣ ಬಿಸಿಗಾಳಿ ಬೀಸುತ್ತದೆ. ಎರಡು ಮೂರು ದಿನ ಬೀಸಿದರೆ ಸಾಕು, ಹಾಲುಗಾಳು ಬತ್ತಿ ಮುರುಟಿಹೋಗುತ್ತದೆ.

ಈ ಶಬ್ದದ ಬಗ್ಗೆ ಒಂದು ಸ್ವಾರಸ್ಯವನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಯೆಶಾಯನ ಗ್ರಂಥದ ಮೂವತ್ತೇಳನೆಯ ಅಧ್ಯಾಯದಲ್ಲಿ ಮಾಳಿಗೆಯ ಮೇಲೆ ಹುಟ್ಟಿ ಒಣಗುವ ಹುಲ್ಲಿನ ಮಾತು ಬರುತ್ತದೆ. ಅದೇ ಮಾತು ಅರಸುಗಳ ಎರಡನೆಯ ಗ್ರಂಥದಲ್ಲಿಯೂ ಇದೆ. ಅರಸುಗಳಲ್ಲಿ ‘ಶೆದೇಫಾ’, ಸೀದುಹೋದದ್ದು ಎಂದಿದ್ದರೆ, ಯೆಶಾಯನ ಸಾಂಪ್ರದಾಯಿಕ ಪಾಠದಲ್ಲಿ ‘ಶೆದೇಮಾ’, ಹೊಲ ಎಂದಿದೆ. ಒಂದಕ್ಷರದ ವ್ಯತ್ಯಾಸ. ಯಾವುದು ಸರಿ ಎಂದು ಪಂಡಿತರು ಬಹುಕಾಲ ಚರ್ಚಿಸಿದರು. ೧೯೪೭ರಲ್ಲಿ ಮೃತಸಮುದ್ರದ ದಡದ ಕುಮ್ರಾನ್ ಗವಿಯಲ್ಲಿ ಯೆಶಾಯನ ಎರಡು ಸಾವಿರ ವರ್ಷ ಹಳೆಯ ಸುರುಳಿ ದೊರೆತಾಗ ಅದರಲ್ಲಿ ಮೂಡಣಗಾಳಿಗೆ ಸೀದುಹೋದದ್ದು ಎಂದೇ ಬರೆದಿತ್ತು. ಯಾರೋ ಲಿಪಿಕಾರನ ಕೈಯಲ್ಲಿ ಒಂದು ರೋಗ ಹೊಲವಾಗಿತ್ತು! ರೋಗ ಹೊಲವಾಗುವುದು ಪುಸ್ತಕದಲ್ಲಿ ಮಾತ್ರ ಸುಲಭ.

ಇನ್ನು ನಮ್ಮ ಶಬ್ದ. ಯೇರಾಕೋನ್ ಎಂಬುದು ‘ಯಾರಕ್’ ಎಂಬ ಧಾತುವಿನಿಂದ ಬಂದಿದೆ. ಅದರಿಂದ ಹುಟ್ಟಿದ ‘ಯೆರೆಕ್’ ಎಂದರೆ ಹಸಿರು. ಸೃಷ್ಟಿಯ ಆರನೆಯ ದಿನ ದೇವರು ಭೂಮಿಯ ಜೀವಿಗಳಿಗೆಲ್ಲ ಆಹಾರವಾಗಿ ಕೊಟ್ಟ ಹಸಿರು ಸಸ್ಯಕ್ಕೆ ಆದಿಕಾಂಡದ ಮೊದಲನೆಯ ಅಧ್ಯಾಯದಲ್ಲಿ ಇರುವ ಮಾತು ಇದೇ. ತರಕಾರಿಗೂ ಇದೇ ಮೂಲದ ಹೆಸರು. ಹಾಗಾದರೆ ಅನ್ನದ ಹೆಸರೂ ರೋಗದ ಹೆಸರೂ ಒಂದೇ ಬೇರಿನಿಂದ ಹೇಗೆ ಬಂದವು?

ಬಣ್ಣಗಳನ್ನು ಎಲ್ಲ ಜನಾಂಗಗಳೂ ಒಂದೇ ರೀತಿ ವಿಂಗಡಿಸುವುದಿಲ್ಲ. ಹೀಬ್ರೂ ಜನರಿಗೆ ಎಳೆ ಹುಲ್ಲಿನ ಹಸಿರು, ಬಾಡಿದ ಎಲೆಯ ಹಳದಿ, ಬಂಗಾರದ ಹೊಳಪು ಇವೆಲ್ಲ ಒಂದೇ ಬಣ್ಣದ ಹತ್ತಿರದ ಛಾಯೆಗಳು. ಅದೇ ಶಬ್ದವನ್ನು ಇಮ್ಮಡಿಸಿ ‘ಯೆರಕ್‌ರಕ್’ ಎಂದರೆ, ನಾವು ‘ಹಸಿಹಸಿ’ ಎಂದು ಇಮ್ಮಡಿಸಿದಂತೆ, ಯಾಜಕಕಾಂಡದಲ್ಲಿ ಬಟ್ಟೆಗೂ ಗೋಡೆಗೂ ಹಿಡಿದ ಬೂಷ್ಟಿನ ಬಣ್ಣ. ಅರವತ್ತೆಂಟನೆಯ ಕೀರ್ತನೆಯಲ್ಲಿ ಪಾರಿವಾಳದ ಗರಿಗಳ ಮೇಲಣ ಚಿನ್ನದ ಬಣ್ಣ. ಇದು ನಮಗೆ ಪೂರ್ತಿ ಅಪರಿಚಿತವೂ ಅಲ್ಲ. ಸಂಸ್ಕೃತದ ‘ಹರಿತ’ ಹಸಿರಾದರೆ ‘ಹರಿದ್ರಾ’ ಅರಿಶಿನ. ಎರಡೂ ಒಂದೇ ಮೂಲದವು, ನಮ್ಮ ‘ಹಳದಿ’ ಬಂದದ್ದು ಅದೇ ಹರಿದ್ರೆಯಿಂದ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿಯೂ ಹಾಗೆಯೇ. ಯೇಸುಸ್ವಾಮಿಯು ಐದು ಸಾವಿರ ಜನರನ್ನು ಕುಳ್ಳಿರಿಸಿದ ಹಸಿರು ಹುಲ್ಲಿಗೆ ಸಂತ ಮಾರ್ಕನು ‘ಕ್ಲೋರೋಸ್’ ಎನ್ನುತ್ತಾನೆ. ಪ್ರಕಟನಾ ಗ್ರಂಥದಲ್ಲಿ ಮೃತ್ಯು ಏರಿಬರುವ ಕುದುರೆಯ ವಿವರ್ಣವೂ ‘ಕ್ಲೋರೋಸ್’.

ಯೇರಾಕೋನ್ ಪದದ ಕೊನೆಯ ‘ಓನ್’ ಎಂಬ ಪ್ರತ್ಯಯ ಹೀಬ್ರೂವಿನಲ್ಲಿ ಬೇನೆಗಳಿಗೆ ಹತ್ತುವಂಥದು. ಅದೇ ಅಧ್ಯಾಯದಲ್ಲಿ ಮುಂದೆ ಬರುವ ಹುಚ್ಚು, ಕುರುಡು, ದಿಗ್ಭ್ರಮೆ, ಈ ಮೂರರ ಹೆಸರುಗಳಿಗೂ ಅದೇ ಬಾಲವಿದೆ. ಹೀಗಾಗಿ ಯೇರಾಕೋನ್ ಎಂದರೆ ‘ಹಸಿರುಬೇನೆ’ ಅಥವಾ ‘ಹಳದಿಬೇನೆ’. ಹಸಿರಾಗಿಯೇ ಇರಬೇಕಾದದ್ದು ಹಸಿರಿನ ದಾರಿ ತಪ್ಪಿ ಬಿಳಿಚಿಕೊಳ್ಳುವುದು.

ಇದು ಯಾವ ರೋಗ? ಗೋಧಿಗೆ ಬರುವ ತುಕ್ಕುರೋಗವೆಂದು ಅನೇಕ ವ್ಯಾಖ್ಯಾನಕಾರರ ಅಭಿಪ್ರಾಯ. ಬೂಷ್ಟುರೋಗವೆಂಬುದು ಹಳೆಯ ಅನುವಾದಕರ ರೂಢಿ. ಆ ನಾಡಿನಲ್ಲಿ ತುಕ್ಕುರೋಗ ಪುರಾತನ ಕಾಲದಿಂದ ಇದ್ದುದಕ್ಕೆ ಸಾಕ್ಷ್ಯವಿದೆ. ೧೯೮೨ರಲ್ಲಿ ಇಸ್ರೇಲಿನ ವಿಜ್ಞಾನಿ ಕಿಸ್ಲೇವ್ ಅವರು, ಅಲ್ಲಿ ಅಗೆದು ತೆಗೆದ ಸುಮಾರು ೩೩೦೦ ವರ್ಷ ಹಳೆಯ ಗೋಧಿಯ ಹೊಟ್ಟಿನ ಚೂರುಗಳ ಮೇಲೆ ಕಾಂಡದ ತುಕ್ಕುರೋಗದ ಶಿಲೀಂಧ್ರವನ್ನು ಗುರುತಿಸಿ ಪ್ರಕಟಿಸಿದರು. ದಾವೀದನಿಗಿಂತಲೂ ಹಿಂದಿನ ಕಾಲದ ಹೊಟ್ಟು ಅದು. ಬಿಸಿಲು ಗಾಳಿಯಿಂದ ಬರುವುದು ಶಿದ್ದಾಫೋನ್. ಇಬ್ಬನಿ, ತೇವ, ಅಕಾಲದ ಮಳೆಯಿಂದ ಹರಡುವುದು ತುಕ್ಕು. ಹಾಗೆ ನೋಡಿದರೆ ಆ ಜೋಡಿಯ ಅರ್ಥ ತೆರೆದುಕೊಳ್ಳುತ್ತದೆ: ಒಣಗಿದರೂ ಕೇಡು, ನೆನೆದರೂ ಕೇಡು.

ನಮ್ಮ ರೈತರು ಈ ಎರಡು ಶಬ್ದಗಳನ್ನು ಕೇಳಿದರೆ ಪಂಡಿತರಿಗಿಂತ ಬೇಗ ಅರ್ಥಮಾಡಿಕೊಂಡಾರು. ಉತ್ತರ ಕರ್ನಾಟಕದ ಗೋಧಿ ಬೆಳೆಗಾರರು ತುಕ್ಕಿಗೆ ‘ಭಂಡಾರ ರೋಗ’ ಎನ್ನುತ್ತಾರೆ. ಹೊಲದಲ್ಲಿ ನಡೆದರೆ ಧೋತರಕ್ಕೆ ಅರಿಶಿನದ ಪುಡಿ ಎರಚಿದಂತಾಗುತ್ತದೆ. ಭತ್ತ ಸುಟ್ಟಂತೆ ಕಂಡರೆ ‘ಬೆಂಕಿ ರೋಗ’. ಜೋಳದ ತೆನೆಯಲ್ಲಿ ಕಪ್ಪು ಪುಡಿ ತುಂಬಿದರೆ ‘ಕಾಡಿಗೆ ರೋಗ’. ಅಡಿಕೆಗೆ ‘ಕೊಳೆ ರೋಗ’. ಈ ಕೊನೆಯ ಹೆಸರಿನ ಭಾಗ್ಯ ನೋಡಿ: ಮೈಸೂರು ಸೀಮೆಯ ಕಾಫಿಗೆ ಬಂದ ಕಪ್ಪು ಕೊಳೆಯ ಶಿಲೀಂಧ್ರಕ್ಕೆ ೧೮೭೬ರಲ್ಲಿ ಕುಕ್ ಎಂಬ ಇಂಗ್ಲಿಷ್ ವಿದ್ವಾಂಸನು ಲ್ಯಾಟಿನ್ ಹೆಸರಿಡುವಾಗ ‘ಪೆಲಿಕ್ಯುಲೇರಿಯಾ ಕೊಳೆರೋಗ’ ಎಂದೇ ಇಟ್ಟನು. ನಮ್ಮ ತೋಟದ ಮಾತು ಲ್ಯಾಟಿನಿನ ಸಾಲಿನಲ್ಲಿ ಹೋಗಿ ಕುಳಿತಿತು.

ಈ ಹೆಸರುಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ ಒಂದು ಸಂಗತಿ ಎದ್ದುಕಾಣುತ್ತದೆ. ಭಂಡಾರ, ಬೆಂಕಿ, ಕಾಡಿಗೆ, ಕೊಳೆ, ಇವೆಲ್ಲ ಬೆಳಗ್ಗೆ ಹೊಲಕ್ಕೆ ಹೋದವನ ಕಣ್ಣಿಗೆ ಕಂಡದ್ದರ ಹೆಸರುಗಳು. ಬೆಂಕಿ ರೋಗವು ಬೆಂಕಿಯಿಂದ ಬರುವುದಿಲ್ಲ. ಅದೂ ತೇವಕ್ಕೆ ಹಬ್ಬುವ ಶಿಲೀಂಧ್ರವೇ. ಹೆಸರು ಕಾರಣವನ್ನು ಹೇಳುತ್ತಿಲ್ಲ, ಕಂಡದ್ದನ್ನು ಹೇಳುತ್ತಿದೆ. ಯೇರಾಕೋನ್ ಕೂಡ ಅಂಥದೇ ಹೆಸರು. ಅದರೊಳಗೆ ಒಂದು ಬಣ್ಣವಿದೆ, ಒಬ್ಬ ರೈತನ ಗಾಬರಿಯಿದೆ. ಪಾಪ ಎಂಬ ಅರ್ಥ ಆ ಶಬ್ದದಲ್ಲಿ ಎಲ್ಲಿಯೂ ಇಲ್ಲ.

ಪ್ರಾಚೀನ ಅನುವಾದಕರು ಇದನ್ನು ಹೇಗೆ ನಿಭಾಯಿಸಿದರೆಂಬುದು ಕುತೂಹಲಕರ. ಕ್ರಿಸ್ತಪೂರ್ವದಲ್ಲಿ ಗ್ರೀಕಿಗೆ ಅನುವಾದಿಸಿದವರು ಧರ್ಮೋಪದೇಶಕಾಂಡದಲ್ಲಿ ‘ಓಕ್ರಾ’, ಬಿಳಿಚುವಿಕೆ ಎಂದರು. ಆಮೋಸನಲ್ಲಿ ‘ಇಕ್ತೆರೋಸ್’, ಅಂದರೆ ನೇರವಾಗಿ ಕಾಮಾಲೆ ಎಂದರು. ಬೆತ್ಲೆಹೇಮಿನಲ್ಲಿ ನೆಲೆಸಿ ಹೀಬ್ರೂ ಮೂಲದಿಂದ ಲ್ಯಾಟಿನಿಗೆ ತಂದ ಸಂತ ಜೆರೋಮರೂ ಒಂದೇ ಮಾತಿಗೆ ಕಟ್ಟುಬೀಳಲಿಲ್ಲ. ಧರ್ಮೋಪದೇಶಕಾಂಡದಲ್ಲಿ ಅವರು ಬಳಸಿದ್ದು ‘ರೊಬೀಗೊ’, ಕಬ್ಬಿಣಕ್ಕೂ ಗೋಧಿಗೂ ಹಿಡಿಯುವ ತುಕ್ಕು. ಆಮೋಸ, ಹಗ್ಗಾಯರಲ್ಲಿ ‘ಔರೂಗೊ’, ಮತ್ತೆ ಕಾಮಾಲೆ. ಬೆಳೆಗೆ ಕಾಮಾಲೆಯೇ ಎಂದು ನಗಬೇಡಿ. ಅರಬ್ಬಿಯ ‘ಯರಕಾನ್’ ಯೇರಾಕೋನಿನ ಸೋದರ ಶಬ್ದ. ಅದಕ್ಕೆ ಬೆಳೆರೋಗ, ಕಾಮಾಲೆ ಎಂಬ ಎರಡೂ ಅರ್ಥಗಳಿವೆ. ನಮ್ಮ ಪೇಟೆಗಳಲ್ಲಿ ಉರ್ದು ಆಡುವ ನೆರೆಯವರು ಕಾಮಾಲೆಗೆ ಇಂದಿಗೂ ಅದೇ ಹೆಸರು ಹೇಳುತ್ತಾರೆ. ಪವಿತ್ರ ಗ್ರಂಥದ ಶಬ್ದವೊಂದು ಸಂತೆಯಲ್ಲಿ ನಮ್ಮ ಪಕ್ಕದಲ್ಲಿಯೇ ನಡೆದಾಡುತ್ತಿದೆ. ನಾವು ಗುರುತಿಸಿಲ್ಲ ಅಷ್ಟೆ.

ಈಗ ಆ ಆರನೆಯ ವಚನಕ್ಕೆ ಬರೋಣ. ಯೆರೆಮೀಯನ ಮೂವತ್ತನೆಯ ಅಧ್ಯಾಯದಲ್ಲಿ ಪ್ರವಾದಿ ಒಂದು ವಿಚಿತ್ರ ದೃಶ್ಯವನ್ನು ಕಾಣುತ್ತಾನೆ. ಗಂಡಸರು ಹೆರಿಗೆಯ ನೋವಿನ ಹೆಂಗಸರಂತೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾರೆ. ಎಲ್ಲರ ಮುಖಗಳೂ ಯೇರಾಕೋನಿಗೆ ತಿರುಗಿವೆ. ಹೊಲದ ರೋಗದ ಹೆಸರು ಇಲ್ಲಿ ಮನುಷ್ಯನ ಮುಖಕ್ಕೆ ಬಂದಿದೆ. ನಾವು ಈ ವಚನವನ್ನು ಮೊದಲ ಸಲ ಮೂಲದಲ್ಲಿ ಓದಿದಾಗ ನಮಗೆ ನೆನಪಾದದ್ದು ಬಾಗಿಲ ಬಳಿ ನಿಂತಿದ್ದ ಆ ಹಿರಿಯರ ಮುಖ. ಅವರ ಗದ್ದೆಯಲ್ಲಿ ಏನಾಗಿತ್ತೋ ಅದು ಅವರ ಮುಖದಲ್ಲಿಯೂ ಆಗಿತ್ತು. ಹೀಬ್ರೂ ಭಾಷೆ ಅವೆರಡಕ್ಕೂ ಬೇರೆ ಬೇರೆ ಶಬ್ದ ಹುಡುಕಲಿಲ್ಲ. ಪ್ರವಾದಿಯು ಆ ಮುಖಗಳನ್ನು ಖಂಡಿಸುವುದೂ ಇಲ್ಲ. ಅದು ಯಕೋಬನ ಜನಕ್ಕೆ ಸಂಕಟದ ಕಾಲ, ಆದರೂ ಅವರು ಅದರಿಂದ ಪಾರಾಗುವರೆಂದು ಮುಂದಿನ ವಚನದಲ್ಲಿಯೇ ಹೇಳುತ್ತಾನೆ.

ಆದರೆ ಧರ್ಮೋಪದೇಶಕಾಂಡದ ಶಾಪ ಶಾಪವೇ ಅಲ್ಲವೇ ಎಂದು ನೀವು ಕೇಳಬೇಕು. ಕೇಳದಿದ್ದರೆ ನಾವು ಪ್ರಾಮಾಣಿಕರಾಗಿ ಮಾತನಾಡಿದಂತಾಗುವುದಿಲ್ಲ. ಹೌದು, ಅಲ್ಲಿ ಯೇರಾಕೋನ್ ಶಾಪವೇ. ಆದರೆ ಅದು ಯಾರಿಗೆ ಹೇಳಿದ ಮಾತು? ಇಡೀ ಇಸ್ರಯೇಲ್ ಜನಾಂಗದೊಡನೆ ದೇವರು ಮಾಡಿದ ಒಡಂಬಡಿಕೆಯ ಪತ್ರ ಅದು. ಆ ಕಾಲದ ಸಾಮ್ರಾಟರು ತಮ್ಮ ಸಾಮಂತರಿಂದ ಪ್ರಮಾಣ ಮಾಡಿಸಿಕೊಳ್ಳುವಾಗ ಇಂಥ ಶಾಪಗಳ ಪಟ್ಟಿಯನ್ನು ಕೊನೆಗೆ ಸೇರಿಸುವುದು ರೂಢಿ. ಅಸ್ಸೀರಿಯದ ಏಸರ್ಹದ್ದೋನ್ ಕ್ರಿ.ಪೂ. ೬೭೨ರಲ್ಲಿ ಬರೆಸಿದ, ನಿಮ್ರೂದಿನಲ್ಲಿ ೧೯೫೫ರಲ್ಲಿ ದೊರೆತ ಒಪ್ಪಂದದ ಫಲಕಗಳಲ್ಲಿಯೂ ಆಕಾಶ ಲೋಹದಂತಾಗಿ ಮಳೆ ಬೀಳದಿರಲಿ ಎಂಬರ್ಥದ ಶಾಪವಿದೆ. ಒಂದು ರಾಷ್ಟ್ರದ ನಿಷ್ಠೆಗೆ ಬರೆದ ಪತ್ರವನ್ನು ಎರಡು ಎಕರೆಯ ಒಬ್ಬ ರೈತನ ತಪ್ಪೊಪ್ಪಿಗೆಯ ಚೀಟಿಯನ್ನಾಗಿ ಓದುವುದು ಪವಿತ್ರ ಗ್ರಂಥಕ್ಕೆ ಮಾಡುವ ಅನ್ಯಾಯ, ಆ ರೈತನಿಗೂ ಮಾಡುವ ಅನ್ಯಾಯ.

ಆಮೋಸನ ವಿಷಯವೂ ಹಾಗೆಯೇ. ಆತ ತೆಕೋವದ ಕುರಿಗಾಹಿ, ಅತ್ತಿಯ ಹಣ್ಣನ್ನು ನೋಡಿಕೊಳ್ಳುತ್ತಿದ್ದವನು. ಕ್ರಿಸ್ತಪೂರ್ವ ಎಂಟನೆಯ ಶತಮಾನದವನು. ಬೆಳೆರೋಗವೆಂದರೇನೆಂದು ಕೈಮುಟ್ಟಿ ಬಲ್ಲ ಪ್ರವಾದಿ. ನಾಲ್ಕನೆಯ ಅಧ್ಯಾಯದಲ್ಲಿ ಒಂದು ಊರಿಗೆ ಮಳೆ ಬಂದು ಇನ್ನೊಂದಕ್ಕೆ ಬಾರದೆ ಹೋದದ್ದನ್ನೂ, ಒಂದು ಹೊಲ ನೆನೆದು ಪಕ್ಕದ ಹೊಲ ಒಣಗಿದ್ದನ್ನೂ ಹೇಳಿ, ಬಳಿಕ ಶಿದ್ದಾಫೋನ್, ಯೇರಾಕೋನ್ ಬಂದದ್ದನ್ನು ಹೇಳುತ್ತಾನೆ. ಆದರೆ ಆ ಅಧ್ಯಾಯ ಆರಂಭವಾಗುವುದು ಯಾರನ್ನು ಕುರಿತು? ಬಡವರನ್ನು ಹಿಂಸಿಸಿ, ದಿಕ್ಕಿಲ್ಲದವರನ್ನು ತುಳಿದು, ಪಾನೋತ್ಸವಗಳಲ್ಲಿ ಮೆರೆಯುತ್ತಿದ್ದ ಸಮಾರ್ಯದ ಸಿರಿವಂತೆಯರನ್ನು ಕುರಿತು. ಮುಂದೆ ಎಂಟನೆಯ ಅಧ್ಯಾಯದಲ್ಲಿ ಅವನು ಬೆರಳು ತೋರಿಸುವುದು ಅಳತೆಯನ್ನು ಕಿರಿದುಮಾಡಿ, ತಕ್ಕಡಿಯಲ್ಲಿ ಮೋಸಮಾಡಿ, ಗೋಧಿಯ ಕಸವನ್ನೂ ಬಡವರಿಗೆ ಮಾರುವ ವರ್ತಕರ ಕಡೆಗೆ. ರೋಗ ಬಿದ್ದ ಹೊಲದಲ್ಲಿ ನಿಂತವನ ಕಡೆಗಲ್ಲ, ರೋಗದ ವರ್ಷದಲ್ಲಿಯೂ ಲಾಭ ಎಣಿಸುವವನ ಕಡೆಗೆ. ಆಮೋಸನನ್ನು ಬಡ ರೈತನ ವಿರುದ್ಧ ಓದುವವರು ಆಮೋಸನನ್ನು ತಲೆಕೆಳಗಾಗಿ ಹಿಡಿದಿದ್ದಾರೆ.

ಯೆಹೂದ್ಯ ಪರಂಪರೆಯೂ ಈ ರೋಗಗಳ ವಿಷಯದಲ್ಲಿ ನೊಂದವನನ್ನು ಒಂಟಿಯಾಗಿ ಬಿಡಲಿಲ್ಲ. ಸುಮಾರು ಕ್ರಿ.ಶ. ೨೦೦ರಲ್ಲಿ ಸಂಗ್ರಹವಾದ ಮಿಷ್ನಾದಲ್ಲಿ ಉಪವಾಸಗಳ ಪ್ರಕರಣವೊಂದಿದೆ. ಶಿದ್ದಾಫೋನ್ ಅಥವಾ ಯೇರಾಕೋನ್ ಎಲ್ಲಿಯೇ ಕಾಣಿಸಲಿ, ಕೂಡಲೇ ಕೊಂಬೂದಿ ಎಚ್ಚರಿಸಬೇಕೆಂದು ಅದರ ವಿಧಿ. ಅಷ್ಕೆಲೋನಿನಲ್ಲಿ ಒಂದು ಒಲೆಯ ಬಾಯಿ ತುಂಬುವಷ್ಟು ಶಿದ್ದಾಫೋನ್ ಕಂಡಿತೆಂಬ ಸುದ್ದಿಗೆ ಹಿರಿಯರು ಜೆರುಸಲೇಮಿನಿಂದ ತಮ್ಮ ತಮ್ಮ ಊರುಗಳಿಗೆ ಇಳಿದುಹೋಗಿ ಉಪವಾಸ ಸಾರಿದರಂತೆ. ಒಂದು ಒಲೆಯಷ್ಟು! ಯಾರ ಹೊಲ, ಅವನ ಪಾಪವೇನು ಎಂದು ವಿಚಾರಿಸಿದ ಮಾತು ಅಲ್ಲಿಲ್ಲ. ಒಬ್ಬನ ಬೆಳೆ ಹೋದರೆ ಎಲ್ಲರೂ ಹಸಿಯಬೇಕು ಎಂಬುದಷ್ಟೇ ಇದೆ.

ನಮ್ಮ ಧರ್ಮಸಭೆಯಲ್ಲಿಯೂ ಅಂಥದೊಂದು ದಿನವಿತ್ತು. ಪುರಾತನ ರೋಮನರು ಏಪ್ರಿಲ್ ೨೫ರಂದು ‘ರೊಬೀಗುಸ್’ ಎಂಬ ತುಕ್ಕಿನ ದೇವತೆಗೆ ನಾಯಿಯನ್ನು ಬಲಿಕೊಟ್ಟು ಗೋಧಿಯನ್ನು ಬಿಟ್ಟುಬಿಡೆಂದು ಬೇಡುತ್ತಿದ್ದರು. ರೋಮ್ ಕ್ರೈಸ್ತವಾದ ಮೇಲೆ ಅದೇ ದಿನ ವಿಶ್ವಾಸಿಗಳು ಸಕಲ ಸಂತರ ಮನವಿಮಾಲೆಯನ್ನು ಹಾಡುತ್ತ, ಭೂಮಿಯ ಫಲವನ್ನು ಕಾಪಾಡೆಂದು ಬೇಡುತ್ತ ಮೆರವಣಿಗೆ ಹೋಗತೊಡಗಿದರು. ಸಂತ ಮಾರ್ಕನ ಹಬ್ಬದ ದಿನದ ಆ ದೊಡ್ಡ ಮನವಿ ಮೆರವಣಿಗೆಯನ್ನು ಇಲ್ಲಿರುವ ವೃದ್ಧರು ತಮ್ಮ ಬಾಲ್ಯದಲ್ಲಿ ಕಂಡಿರಬಹುದು. ೧೯೬೯ರ ಪಂಚಾಂಗ ಸುಧಾರಣೆಯಲ್ಲಿ ಇಂಥ ಮನವಿ ದಿನಗಳನ್ನು ಗೊತ್ತುಪಡಿಸುವ ಕೆಲಸವನ್ನು ಆಯಾ ದೇಶದ ಧರ್ಮಾಧ್ಯಕ್ಷರ ಮಂಡಳಿಗೆ ಬಿಡಲಾಯಿತು. ಮಂಗಳೂರಿನ ಕಡೆ ಸೆಪ್ಟೆಂಬರ್ ೮ರಂದು ದೇವಮಾತೆಯ ಜನ್ಮೋತ್ಸವದಲ್ಲಿ ಹೊಸ ತೆನೆಯನ್ನು ಆಶೀರ್ವದಿಸುವ ಪದ್ಧತಿ ಉಳಿದಿದೆ. ಬೆಳೆ ಬಂದಾಗ ಹಾಡಲು ನಮಗೆ ಹಬ್ಬವಿದೆ; ಬೆಳೆ ಹೋದಾಗ ಒಟ್ಟಿಗೆ ನಡೆಯಲು ಇದ್ದ ದಿನವನ್ನು ನಾವು ಸದ್ದಿಲ್ಲದೆ ಕಳೆದುಕೊಂಡೆವೇನೋ ಎಂದು ನಮಗೆ ಅನಿಸುವುದುಂಟು.

ಕಾರಣ ತಿಳಿಯದ ಕಾಲದಲ್ಲಿ ಶಾಪವೆಂದು ಹೇಳಿದವರನ್ನು ಕ್ಷಮಿಸಬಹುದು. ೧೮೪೫ರಲ್ಲಿ ಐರ್ಲೆಂಡಿನ ಆಲೂಗಡ್ಡೆಗೆ ಅಂಗಮಾರಿ ಬಂದಿತು. ಒಂದೆರಡು ವಾರಗಳಲ್ಲಿ ಹೊಲಗಳು ಕಪ್ಪಾಗಿ ಕೊಳೆತು ನಾರಿದವು. ಅದು ಐರಿಷ್ ಜನರ ಮೇಲೆ ದೇವರ ತೀರ್ಪೆಂದು ಹೇಳಿದವರು ಆಗ ಕಡಿಮೆಯಿರಲಿಲ್ಲ. ಹಾಗೆ ಹೇಳಿದವರ ಊಟಕ್ಕೆ ಮಾತ್ರ ಕೊರತೆಯಿರಲಿಲ್ಲ. ೧೮೪೬ರಲ್ಲಿ ಬರ್ಕ್ಲಿ ಎಂಬ ಆಂಗ್ಲಿಕನ್ ಪಾದ್ರಿಯೊಬ್ಬರು ಸೂಕ್ಷ್ಮದರ್ಶಕದಲ್ಲಿ ನೋಡಿ, ಆ ಎಲೆಗಳ ಮೇಲಿನ ಬೂಷ್ಟೇ ರೋಗದ ಕಾರಣವೆಂದು ವಾದಿಸಿದರು. ವಿದ್ವಾಂಸರೇ ಅವರನ್ನು ನಂಬಲಿಲ್ಲ. ೧೮೬೧ರಲ್ಲಿ ಜರ್ಮನಿಯ ಡಿ ಬಾರಿ ಅದನ್ನು ಪ್ರಯೋಗದಿಂದ ಸಿದ್ಧಪಡಿಸಿದನು. ಗೋಧಿಯ ತುಕ್ಕಿನ ಜೀವನಚಕ್ರವನ್ನು ಬಿಡಿಸಿ ತೋರಿಸಿದವನೂ ಅವನೇ. ಅಷ್ಟರಲ್ಲಿ ಸುಮಾರು ಹತ್ತು ಲಕ್ಷ ಐರಿಷ್ ಜನ ಸತ್ತಿದ್ದರು, ಅಷ್ಟೇ ಮಂದಿ ದೇಶ ಬಿಟ್ಟಿದ್ದರು. ಅವರಲ್ಲಿ ಬಹುಪಾಲು ನಮ್ಮ ಧರ್ಮದವರೇ. ಆ ವರ್ಷಗಳಲ್ಲಿಯೂ ಐರ್ಲೆಂಡಿನ ಧಾನ್ಯ ಹಡಗುಗಳಲ್ಲಿ ಹೊರಗೆ ಸಾಗುತ್ತಲೇ ಇತ್ತು. ರೋಗ ತಂದದ್ದು ಶಿಲೀಂಧ್ರದಂಥ ಒಂದು ಸೂಕ್ಷ್ಮಜೀವಿ. ಹಸಿವನ್ನು ಸಾವಾಗಿಸಿದ್ದು ಮನುಷ್ಯರು. ಆಮೋಸ ಅಲ್ಲಿದ್ದಿದ್ದರೆ ಬಂದರಿನಲ್ಲಿ ನಿಲ್ಲುತ್ತಿದ್ದನು.

ಇಂದು ಕಾರಣ ತಿಳಿದಿದೆ. ತಿಳಿದ ಮೇಲೂ ಅದೇ ಮಾತನ್ನಾಡುವುದಕ್ಕೆ ಕ್ಷಮೆ ಕಷ್ಟ. ಗೋಪುರ ಬಿದ್ದು ಸತ್ತ ಹದಿನೆಂಟು ಮಂದಿ ಉಳಿದವರಿಗಿಂತ ಹೆಚ್ಚಿನ ಪಾಪಿಗಳೇ ಎಂದು ಯೇಸುಸ್ವಾಮಿ ಕೇಳಿ, ಅಲ್ಲವೆಂದು ತಾವೇ ಉತ್ತರಿಸಿದರು. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರ ಪ್ರಶ್ನೆಯನ್ನೇ ತಳ್ಳಿಹಾಕಿದರು. ಮಳೆ ನೀತಿವಂತರ ಮೇಲೂ ಅನೀತಿವಂತರ ಮೇಲೂ ಬೀಳುತ್ತದೆಂದರು. ಇಬ್ಬನಿಯೂ, ಇಬ್ಬನಿಯಲ್ಲಿ ಬೆಳೆಯುವ ತುಕ್ಕೂ ಹಾಗೆಯೇ ಎಂದು ರೈತರಾದ ನಿಮಗೆ ಬೇರೆ ಹೇಳಬೇಕಿಲ್ಲ.

ಹನ್ನೆರಡನೆಯ ಪಯಸ್ ಜಗದ್ಗುರುಗಳು ೧೯೪೩ರಲ್ಲಿಯೂ, ಎರಡನೆಯ ವ್ಯಾಟಿಕನ್ ಮಹಾಸಭೆಯು ೧೯೬೫ರಲ್ಲಿಯೂ ಪವಿತ್ರ ಗ್ರಂಥದ ಮೂಲಭಾಷೆಗಳಿಗೆ ಹಿಂದಿರುಗಿರೆಂದು ಪ್ರೋತ್ಸಾಹಿಸಿದ್ದು ಪಂಡಿತರ ಸಂತೋಷಕ್ಕಾಗಿ ಮಾತ್ರ ಅಲ್ಲ. ಒಂದು ಶಬ್ದವನ್ನು ತಪ್ಪಾಗಿ ಬೀಸಿದರೆ ಒಬ್ಬ ಮನುಷ್ಯ ಪರಮಪ್ರಸಾದದಿಂದ ದೂರ ಸರಿಯುತ್ತಾನೆ.

ಉಳಿದಿರುವುದು ಎರಡು ವಚನಗಳು. ಈ ಉತ್ಸವಕ್ಕೆ ಅವು ಹತ್ತಿರದವು. ಏಕೆಂದರೆ ಯೇರಾಕೋನ್ ಅಲ್ಲಿ ಬರುವುದು ದೇವಾಲಯಗಳ ಸಂದರ್ಭದಲ್ಲಿ.

ಸೊಲೊಮೋನನು ಜೆರುಸಲೇಮಿನ ದೇವಾಲಯವನ್ನು ಪ್ರತಿಷ್ಠಿಸಿದ ದಿನ ಮಾಡಿದ ದೀರ್ಘ ಪ್ರಾರ್ಥನೆ ಅರಸುಗಳ ಮೊದಲನೆಯ ಗ್ರಂಥದ ಎಂಟನೆಯ ಅಧ್ಯಾಯದಲ್ಲಿದೆ. ಬರ, ವ್ಯಾಧಿ, ಶಿದ್ದಾಫೋನ್, ಯೇರಾಕೋನ್, ಮಿಡತೆ, ಕಂಬಳಿಹುಳು, ಇವು ನಾಡಿಗೆ ಬಂದಾಗ ಯಾರೇ ಆಗಲಿ, ತನ್ನ ಹೃದಯದ ಬೇನೆಯನ್ನು ತಾನರಿತು ಈ ಆಲಯದ ಕಡೆಗೆ ಕೈಚಾಚಿ ಬೇಡಿದರೆ, ಪರಲೋಕದಿಂದ ಆಲಿಸು ಎಂದು ಅವನು ಬಿನ್ನವಿಸುತ್ತಾನೆ. ಅಲ್ಲಿ ಎರಡು ಸಂಗತಿಗಳು ನಮ್ಮನ್ನು ತಡೆದು ನಿಲ್ಲಿಸಿದವು. ಹೃದಯದ ಬೇನೆಯನ್ನು ಅರಿಯುವವನು ಆ ಮನುಷ್ಯನೇ, ಅವನ ನೆರೆಯವನಲ್ಲ. ಎಲ್ಲ ಮನುಷ್ಯರ ಹೃದಯಗಳನ್ನು ಬಲ್ಲವನು ಸರ್ವೇಶ್ವರನೊಬ್ಬನೇ ಎಂದು ಸೊಲೊಮೋನ ಅದೇ ಉಸಿರಿನಲ್ಲಿ ಹೇಳುತ್ತಾನೆ. ಹಾಗಾದರೆ ಬೆಳೆ ಕಳೆದುಕೊಂಡವನ ಹೃದಯದಲ್ಲಿ ಏನಿದೆಯೆಂದು ಓದಿ ಹೇಳುವ ಅಧಿಕಾರ ಆಲಯದೊಳಗಿರುವ ನಮಗೆ, ಗುರುವಿಗಾಗಲಿ ಪ್ರಾರ್ಥನಾ ಕೂಟಕ್ಕಾಗಲಿ, ಕೊಡಲಾಗಿಲ್ಲ. ನಮಗೆ ಕೊಟ್ಟಿರುವುದು ಬಾಗಿಲು ತೆರೆದಿಡುವ ಕೆಲಸ.

ಎರಡನೆಯದು ಪ್ರವಾದಿ ಹಗ್ಗಾಯನದು. ಬಾಬಿಲೋನಿನ ಸೆರೆಯಿಂದ ಮರಳಿದ ಬಡಜನ ಕುಸಿದ ದೇವಾಲಯವನ್ನು ಮತ್ತೆ ಕಟ್ಟುವ ಕಾಲ. ದೇವಾಲಯ ಹಾಳುಬಿದ್ದಿರುವುದಕ್ಕೂ ಬೆಳೆ ಹಾಳಾಗಿರುವುದಕ್ಕೂ ಹಗ್ಗಾಯ ನಂಟು ಹಾಕುತ್ತಾನೆಂಬುದು ನಿಜ. ಕಟ್ಟಡ ನಿಧಿಗೆ ಚಂದಾ ಎತ್ತುವವರಿಗೆ ಈ ಪ್ರವಾದಿ ಬಹಳ ಪ್ರಿಯ. ನಮ್ಮ ಶತಮಾನೋತ್ಸವ ಸಮಿತಿಯವರು ಅವನನ್ನು ಉಪಯೋಗಿಸಿಕೊಳ್ಳಲಿಲ್ಲವೆಂಬುದು ಅವರ ಸಂಯಮ. ಆದರೆ ಆ ಮಾತೂ ಇಡೀ ಜನಕ್ಕೆ ಹೇಳಿದ್ದು. ಪ್ರವಾದಿ ಅಲ್ಲಿಗೆ ನಿಲ್ಲಲೂ ಇಲ್ಲ. ಶಿದ್ದಾಫೋನ್, ಯೇರಾಕೋನ್, ಆಲಿಕಲ್ಲು, ಇವುಗಳಿಂದ ನಿಮ್ಮ ಕೈಕೆಲಸವೆಲ್ಲ ಹೊಡೆತ ತಿಂದಿತು ಎಂದು ನೆನಪಿಸಿ, ಒಂದು ತಾರೀಖನ್ನು ಹೇಳುತ್ತಾನೆ: ಒಂಬತ್ತನೆಯ ತಿಂಗಳ ಇಪ್ಪತ್ತನಾಲ್ಕನೆಯ ದಿನ. ಪಂಡಿತರ ಲೆಕ್ಕದಲ್ಲಿ ಅದು ಕ್ರಿ.ಪೂ. ೫೨೦ರ ಡಿಸೆಂಬರ್ ೧೮. ಬೀಜ ಇನ್ನೂ ಕಣಜದಲ್ಲಿದೆಯೇ ಎಂದು ಅವರನ್ನು ಕೇಳುತ್ತಾನೆ. ದ್ರಾಕ್ಷಿ, ಅಂಜೂರ, ದಾಳಿಂಬೆ, ಎಣ್ಣೆಮರ ಯಾವುದೂ ಇನ್ನೂ ಫಲ ಬಿಟ್ಟಿಲ್ಲವೆಂಬುದನ್ನು ಒಪ್ಪಿಕೊಳ್ಳುತ್ತಾನೆ. ಆಮೇಲೆ, ಈ ದಿನದಿಂದ ದೇವರು ಆಶೀರ್ವದಿಸುವನೆನ್ನುತ್ತಾನೆ.

ಆ ನಾಡಿನಲ್ಲಿ ಡಿಸೆಂಬರ್ ಎಂದರೆ ಮುಂಗಾರು ಬಿದ್ದು ಬಿತ್ತನೆ ನಡೆಯುವ ಕಾಲ. ಹೊಲದಲ್ಲಿ ತೋರಿಸುವಂಥದು ಏನೂ ಇರುವುದಿಲ್ಲ, ಬರಿ ಕೆದಕಿದ ಮಣ್ಣು. ಕಳೆದ ವರ್ಷದ ಜೊಳ್ಳು ಇನ್ನೂ ಕಣದ ಮೂಲೆಯಲ್ಲಿ ಬಿದ್ದಿರುತ್ತದೆ. ಆಶೀರ್ವಾದದ ಮಾತು ಬಂದದ್ದು ಅಂಥ ದಿನ.

ನಾವು ಹೇಳಿದ ಆ ಹಿರಿಯರು ಈಗ ಪಟ್ಟಣದಲ್ಲಿ ಮಗನ ಮನೆಯಲ್ಲಿದ್ದಾರೆ. ಗದ್ದೆಯನ್ನು ಗುತ್ತಿಗೆಗೆ ಕೊಟ್ಟಿದ್ದಾರೆ. ವರ್ಷಕ್ಕೊಮ್ಮೆ ಹಬ್ಬಕ್ಕೆ ಊರಿಗೆ ಬರುತ್ತಾರೆಂದು ಕೇಳಿದ್ದೇವೆ. ಪೂಜೆಯ ಹೊತ್ತಿಗೆ ಹಿಂದಿನ ಕಂಬದ ಬಳಿ ನಿಲ್ಲುತ್ತಾರಂತೆ. ಈ ಭಾಷಣ ಅಚ್ಚಾದ ಮೇಲೆ ಒಂದು ಪ್ರತಿಯನ್ನು ನಾವೇ ತೆಗೆದುಕೊಂಡು ಹೋಗುವವರಿದ್ದೇವೆ. ಅವರಿಗೆ ಕಣ್ಣು ಮಂಜಾಗಿದೆಯಂತೆ, ಓದಿ ಹೇಳಬೇಕಾಗಬಹುದು.